‘ಏನು ಇಷ್ಟ’ ಎಂಬ ಖಾಲಿ ಜಾಗ

ಜೂನ್ 8

ಅಮ್ಮಾ,

ಫೋನ್ ಮಾಡಿದರೆ ಇಬ್ಬರೂ ಜಗಳಕ್ಕೆ ಬೀಳುತ್ತೇವೆ, ಇನ್ನು ಮೇಲೆ ಕಾಗದ ಬರೆ ಎಂದೆಯಲ್ಲ, ಇಗೋ ಬರೆಯುತ್ತಿದ್ದೇನೆ. ಕಾಗದದಲ್ಲಿ ಒಂದು ಸುಖವಿದೆ. ನೀನು ನಡುವೆ ಬಾಯಿ ಹಾಕುವಂತಿಲ್ಲ.

ನನಗೆ ಕೆಲಸ ಸಿಕ್ಕಿದೆ. ಈ ಮಾತು ಕೇಳಿ ಕೇಳಿ ನಿನ್ನ ಕಿವಿ ದಣಿದಿದೆ ಎಂದು ಗೊತ್ತು. ಕೊರಿಯರ್ ಆಯಿತು, ಹೂವಿನಂಗಡಿ ಆಯಿತು, ಆಮೇಲೆ ದೊಡ್ಡ ಅಂಗಡಿಯಲ್ಲಿ ಉಡುಗೊರೆಗಳಿಗೆ ಬಣ್ಣದ ಕಾಗದ ಸುತ್ತುವ ಕೌಂಟರ್. ಎಲ್ಲೂ ಕಾಲು ನಿಲ್ಲಲಿಲ್ಲ. ನನಗೆ ಬುಗುರಿ ಎಂದು ಹೆಸರಿಟ್ಟವಳೇ ನೀನು, ಈಗ ತಿರುಗುತ್ತಾಳೆ ಎಂದು ಬೈದರೆ ಹೇಗೆ?

ಆದರೆ ಈ ಕೆಲಸ ಆ ಕೌಂಟರಿನಲ್ಲೇ ಹುಟ್ಟಿತು. ಒಬ್ಬರು ಮೇಡಂ ಹೂದಾನಿ ತಂದು ನನ್ನ ಮುಂದಿಟ್ಟು, “ಚೆನ್ನಾಗಿದೆ ಅಲ್ವಾ?” ಎಂದರು.

“ಇದು ವಾಪಸ್ ಬರತ್ತೆ ಮೇಡಂ” ಎಂದೆ.

“ನಿಂಗೆ ಹೇಗ್ ಗೊತ್ತು?”

“ಆರಿಸೋವಾಗ ನೀವು ಹೂದಾನಿ ನೋಡ್ಲಿಲ್ಲ, ಗಡಿಯಾರ ನೋಡ್ತಿದ್ರಿ.”

ವಾಪಸ್ ತರುವವರ ಸಾಲು ನನ್ನ ಪಕ್ಕದಲ್ಲೇ ನಿಲ್ಲುತ್ತಿತ್ತು. ನಾನು ಸುತ್ತಿದ ಕಾಗದವನ್ನು ಬಿಚ್ಚದೆ ಹಾಗೇ ತಂದವರನ್ನು ಕಂಡಿದ್ದೇನೆ. ಮೇಡಂ ನಕ್ಕರು. ಅಂಗಡಿಯವನು ನಗಲಿಲ್ಲ. ಸಂಜೆ ಹೊತ್ತಿಗೆ ಅವನು ನನ್ನನ್ನು ಮನೆಗೆ ಕಳಿಸಿದ, ಮೇಡಂ ನನ್ನನ್ನು ಕೆಲಸಕ್ಕೆ ಕರೆದರು. ಅವರೂ ಹಿಂದೆ ಉಡುಗೊರೆ ಅಂಗಡಿ ಇಟ್ಟು ಮುಚ್ಚಿದವರಂತೆ. ಈಗ ಒಂದು ಮೊಬೈಲ್ ಆಪ್ ಮಾಡಿಸುತ್ತಿದ್ದಾರೆ. ನಮಗೆ ಬೇಕಾದವರಿಗೆ ಯಾವಾಗ, ಏನು ಕೊಡುವುದು ಎಂದು ಮೊದಲೇ ಯೋಚಿಸಿಟ್ಟುಕೊಳ್ಳುವುದಕ್ಕೆ. ಹೆಸರು ‘ಪೊಟ್ಟಣ’.

ಆಫೀಸು ಎಂದರೆ ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮೇಡಂ, ನಾನು, ಮತ್ತೆ ಕೋಡ್ ಬರೆಯುವ ಒಬ್ಬರು. ಅವರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಮೇಜೆಲ್ಲ ಹುಡುಕುತ್ತಾರೆ. ಅದಕ್ಕೆ ನಾವು ಅವರನ್ನು ಕನ್ನಡಕ ಎಂದೇ ಕರೆಯುವುದು. ಆಪಿನ ಒಂದೊಂದು ಪರದೆಯೂ ಹೇಗಿರಬೇಕು ಎಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸುವುದು ನನ್ನ ಕೆಲಸ. ಅವರು ಅದನ್ನು ಫೋನಿಗೆ ಇಳಿಸುತ್ತಾರೆ. ಆಮೇಲೆ ನಾನು ಆ ಫೋನನ್ನು ಬೀದಿಯಲ್ಲಿ ಸಿಕ್ಕಿದವರ ಕೈಗೆ ಕೊಟ್ಟು, ಅವರ ಹೆಬ್ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡಬೇಕು. ಇದಕ್ಕೆ ಸಂಬಳ ಕೊಡುತ್ತಾರೆ ಅಮ್ಮಾ!

ಒಪ್ಪಂದ ಮರೆತಿಲ್ಲ. ಡಿಸೆಂಬರ್ ಮುಗಿಯುವುದರೊಳಗೆ ಕೆಲಸ ಖಾಯಂ ಆಗದಿದ್ದರೆ ವಾಪಸ್ ಬಂದು, ಅರ್ಧಕ್ಕೆ ಬಿಟ್ಟ ಹನ್ನೆರಡನೇ ತರಗತಿಯ ಪರೀಕ್ಷೆಗೆ ಕೂರುತ್ತೇನೆ. ನೀನೂ ಒಂದು ಮಾತು ಹೇಳು. ನಿನ್ನ ಸ್ಟಾಫ್ ರೂಮಿನಲ್ಲಿ ನಾನು ಇನ್ನೂ ‘ಹೊರಗಡೆ ಓದುತ್ತಿರುವ ಮಗಳೇ’?

ಬುಗುರಿ

*

ಜೂನ್ 19

ಪ್ರೀತಿಯ ಮಗಳಿಗೆ,

ಕಾಗದ ತಲುಪಿತು. ಗಿರಾಕಿಯ ಮುಖಕ್ಕೆ ಹೊಡೆದ ಹಾಗೆ ಮಾತಾಡಿ ಕೆಲಸ ಗಿಟ್ಟಿಸಿಕೊಂಡವಳು ಆ ಊರಲ್ಲಿ ನೀನೊಬ್ಬಳೇ ಇರಬೇಕು. ಎಲ್ಲರೂ ನಿನ್ನ ಮೇಡಂ ಹಾಗೆ ನಗುವುದಿಲ್ಲ, ನೆನಪಿಟ್ಟುಕೊ.

ಸ್ಟಾಫ್ ರೂಮಿನ ವಿಷಯ ಎತ್ತಬೇಡ. ಹೋದ ಸಲ ನೀನು ಬಂದಾಗ ಡ್ರಾಯಿಂಗ್ ಮೇಷ್ಟ್ರು, “ಎಷ್ಟನೇ ವರ್ಷ ಮಗಾ?” ಎಂದು ಕೇಳಿದರೆ, “ಯಾವ ವರ್ಷಾನೂ ಇಲ್ಲ ಸಾರ್, ಸ್ಕೂಲ್ ಬಿಟ್ಟು ಬಹಳ ದಿನ ಆಯ್ತು” ಎಂದು ಎಲ್ಲರೆದುರು ಹೇಳಿಬಿಟ್ಟೆ. ನಾನು ಅದನ್ನು ತಮಾಷೆ ಎಂದು ನಗಿಸಿ ಮುಚ್ಚಬೇಕಾಯಿತು. ಇಡೀ ಊರಿನ ಮಕ್ಕಳಿಗೆ ಗಣಿತ ಕಲಿಸುವವಳು ತನ್ನ ಮಗಳನ್ನು ತರಗತಿಯಲ್ಲಿ ಕೂರಿಸಲಾಗಲಿಲ್ಲ ಎಂದು ಅನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ನಿನಗೆ ತಿಳಿಯದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಒಪ್ಪಂದ ಒಪ್ಪಂದವೇ.

ನಿನ್ನ ಅಮ್ಮ

*

ಜುಲೈ 12

ಅಮ್ಮಾ,

ಸರಿ, ಎತ್ತುವುದಿಲ್ಲ. ಕೆಲಸದ ಸುದ್ದಿ ಹೇಳುತ್ತೇನೆ.

ಪೊಟ್ಟಣದಲ್ಲಿ ಒಬ್ಬೊಬ್ಬರಿಗೂ ಒಂದು ಪುಟ. ಮೇಲೆ ಫೋಟೋ, ಹೆಸರು, ಫೋನ್ ನಂಬರು. ಕೆಳಗೆ ಅವರ ವಿಶೇಷ ದಿನ, ಎಷ್ಟು ಖರ್ಚು ಮಾಡಬಹುದು, ಯಾವಾಗ ನೆನಪಿಸಬೇಕು. ಕೊನೆಯಲ್ಲಿ ಒಂದು ಪ್ರಶ್ನೆ: ‘ಇವರಿಗೆ ಏನು ಇಷ್ಟ?’ ಅಣ್ಣತಮ್ಮಂದಿರು ಅಕ್ಕತಂಗಿಯರು ಒಂದೇ ವಸ್ತುವನ್ನು ತಂದು ಪೇಚಾಡಬಾರದು ಎಂದು, ಆ ಪುಟವನ್ನು ತಮ್ಮತಮ್ಮೊಳಗೆ ಹಂಚಿಕೊಳ್ಳುವ ಗುಂಡಿಯೂ ಇದೆ.

ನಾನು ಫೋನು ಹಿಡಿದು ಬೀದಿಗಿಳಿದೆ. ದಿನ, ಖರ್ಚು ಎಲ್ಲ ಎಲ್ಲರೂ ಚಕಚಕನೆ ತುಂಬುತ್ತಾರೆ. ಆ ಕೊನೆಯ ಪ್ರಶ್ನೆಗೆ ಬಂದಾಗ ಹೆಬ್ಬೆರಳು ಗಾಳಿಯಲ್ಲೇ ನಿಂತುಬಿಡುತ್ತದೆ. ಕ್ಷೌರದಂಗಡಿಯವರು ತಮ್ಮ ತಮ್ಮನ ಪುಟ ತೆರೆದು, ಕನ್ನಡಿಯಲ್ಲಿ ತಮ್ಮ ಮುಖವನ್ನೇ ಎಷ್ಟೋ ಹೊತ್ತು ನೋಡಿ ಫೋನು ವಾಪಸ್ ಕೊಟ್ಟರು. ಬಸ್ ಡ್ರೈವರ್ ಒಬ್ಬರು, “ನನ್ ಹೆಂಡ್ತಿಗಾ? ತಡಿಯಮ್ಮಾ, ಅವಳನ್ನೇ ಕೇಳ್ತೀನಿ” ಎಂದು ಅಲ್ಲೇ ಫೋನ್ ಮಾಡಿದರು. “ಲೇ, ನಿಂಗೆ ಏನಿಷ್ಟ?” ಎಂದರೆ ಆ ಕಡೆಯಿಂದ, “ಯಾಕ್ರೀ, ಏನ್ ತಪ್ಪು ಮಾಡ್ಕೊಂಡಿದೀರಿ?” ಎಂದು ಬೀದಿಗೆಲ್ಲ ಕೇಳುವ ಹಾಗೆ ಬಂತು ಉತ್ತರ.

ಇನ್ನೊಂದು ವಿಷಯ. ಪರೀಕ್ಷೆ ಮಾಡಿ ನೋಡಲು ಕನ್ನಡಕ, ಮೇಡಂ ಇಬ್ಬರೂ ಸುಳ್ಳು ಹೆಸರು, ಸುಳ್ಳು ನಂಬರು ಹಾಕಿದರು. ನನಗೆ ಅದಾಗಲಿಲ್ಲ. ಇಲ್ಲದ ಮನುಷ್ಯನಿಗೆ ಏನು ಇಷ್ಟ ಎಂದು ನಾನು ಹೇಗೆ ಬರೆಯಲಿ? ನಿಜವಾದವರನ್ನೇ ಹಾಕಿದ್ದೇನೆ. “ಇವಳ ಕೈಲಿ ಒಂದು ಸುಳ್ಳು ಫೋನ್ ನಂಬರ್ ಹೊಡೆಸೋಕೂ ಆಗಲ್ವಲ್ಲಪ್ಪಾ” ಎಂದು ಕನ್ನಡಕ ತಲೆ ಚಚ್ಚಿಕೊಂಡರು.

ಬುಗುರಿ

*

ಜುಲೈ 20

ಮಗಳೇ,

ಮಂಗಳವಾರ ಒಂಬತ್ತನೇ ತರಗತಿಯಲ್ಲಿ ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಾಗ ಮೇಜಿನ ಮೇಲಿದ್ದ ನನ್ನ ಫೋನು ಗುಂಯ್‌ಗುಟ್ಟಿತು. ಪಾಠ ಮುಗಿಸಿ ನೋಡಿದೆ. ನಿನ್ನ ಪೊಟ್ಟಣ ನನಗೊಂದು ಪುಟ ಕಳಿಸಿತ್ತು. ನನ್ನದೇ ಫೋಟೋ. ಅದರ ಕೆಳಗೆ:

ಹೆಸರು: ಅಮ್ಮ.
ಇವರಿಗೆ ಏನು ಇಷ್ಟ: ಗೊತ್ತಿಲ್ಲ.

ಇದು ನನಗೆ ಬರಬೇಕಾದದ್ದಲ್ಲ ಎಂದು ಅರ್ಥವಾಯಿತು. ಬಂದದ್ದನ್ನು ಓದಿದ್ದೇನೆ ಎಂದು ತಿಳಿಸಲು ಈ ನಾಲ್ಕು ಸಾಲು.

ಅಮ್ಮ

*

ಜುಲೈ 25

ಅಮ್ಮಾ,

ತಪ್ಪು ಹೇಗಾಯಿತು ಎಂದು ಹೇಳಿಬಿಡುತ್ತೇನೆ. ಹಂಚಿಕೊಳ್ಳುವ ಗುಂಡಿ ಒತ್ತಿದರೆ, ಆ ಪುಟದಲ್ಲಿರುವ ಎಲ್ಲ ನಂಬರಿಗೂ ಹೋಗುವಂತೆ ನಾವು ಮಾಡಿಟ್ಟಿದ್ದೆವು. ಉಡುಗೊರೆ ಯಾರಿಗೋ ಅವರ ನಂಬರನ್ನು ಅದರಿಂದ ಹೊರಗಿಡಬೇಕೆಂದು ನನಗೂ ಹೊಳೆಯಲಿಲ್ಲ, ಕನ್ನಡಕ ಅವರಿಗೂ ಹೊಳೆಯಲಿಲ್ಲ. ಉಳಿದವರದು ಸುಳ್ಳು ನಂಬರು, ಎಲ್ಲಿಗೂ ತಲುಪಲಿಲ್ಲ. ನನ್ನದು ನಿಜದ್ದು, ತಲುಪಿತು. ಆಪ್ ಹೊರಗೆ ಬಂದ ಮೇಲೆ ಹೀಗಾಗಿದ್ದರೆ ಲೋಕದ ಗುಟ್ಟೆಲ್ಲ ಬಯಲಾಗುತ್ತಿತ್ತು ಎಂದು ಮೇಡಂ ನನ್ನ ಬೆನ್ನು ತಟ್ಟಿದರು. ನನಗೆ ಬೆನ್ನು ತಟ್ಟಿಸಿಕೊಳ್ಳುವ ಮನಸ್ಸಿರಲಿಲ್ಲ.

ಅದು ನಿನಗೆ ಹಾಗೆ ತಲುಪಿದ್ದಕ್ಕೆ ಕ್ಷಮಿಸು. ಬರೆದದ್ದಕ್ಕೆ ಕ್ಷಮೆ ಕೇಳಲಾರೆ, ಅದು ನಿಜ. ಆ ಜಾಗದಲ್ಲಿ ನನ್ನ ಹೆಬ್ಬೆರಳೂ ನಿಂತಿತು. ಪೆನ್ನು ಎಂದು ಬರೆಯಲು ಹೋದೆ. ಪ್ರತಿ ವರ್ಷ ಮಕ್ಕಳು ಕೊಡುವ ಪೆನ್ನುಗಳನ್ನು ನೀನು ಮುಚ್ಚಳ ಕೂಡ ತೆಗೆಯದೆ ಡ್ರಾಯರಿಗೆ ಹಾಕುವುದನ್ನು ನೋಡಿದ್ದೇನೆ. ಶಾಲು ಎಂದುಕೊಂಡೆ. ಶಾಲು ಹೊದ್ದರೆ ನಿನಗೆ ಕತ್ತು ತುರಿಸುತ್ತದೆ. ನಿನಗೆ ಏನು ಬೇಡ ಎನ್ನುವುದೆಲ್ಲ ನನಗೆ ಬಾಯಿಪಾಠ.

ಗೋಡೆಯ ಮುಂದೆ ಕೂತು ಒಂದು ಯೋಚನೆ ಬಂತು. ಏನಿಷ್ಟ ಎಂದು ನೇರವಾಗಿ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಬೇರೇನಾದರೂ ಕೇಳಬೇಕು. ನಿನ್ನ ಮೇಲೇ ಪ್ರಯೋಗ ಮಾಡುತ್ತೇನೆ. ಚಿಕ್ಕವಳಿದ್ದಾಗ ನೀನು ಯಾವುದಕ್ಕಾಗಿ ಜಗಳ ಆಡುತ್ತಿದ್ದೆ?

ಬುಗುರಿ

*

ಆಗಸ್ಟ್ 22

ಪ್ರೀತಿಯ ಬುಗುರಿ,

ತಡವಾಗಿ ಬರೆಯುತ್ತಿದ್ದೇನೆ. ಕೋಪದಿಂದಲ್ಲ. ನಿನ್ನ ಪುಟ ಬಂದ ದಿನ ಕೋಪ ಬಂದದ್ದು ನಿಜ. ಆಮೇಲೆ ನಾನೇ ಒಂದು ಹಾಳೆ ತೆಗೆದುಕೊಂಡು ‘ನನಗೆ ಏನು ಇಷ್ಟ’ ಎಂದು ಬರೆದು ಕೂತೆ. ಬೇರೆಯವರ ಉತ್ತರಪತ್ರಿಕೆಗೆ ಸೊನ್ನೆ ಹಾಕಿ ರೂಢಿಯಾದವಳು ನಾನು. ಖಾಲಿ ಹಾಳೆಯ ಮುಂದೆ ಕೂರುವುದು ಹೇಗಿರುತ್ತದೆ ಎಂದು ಮರೆತೇಹೋಗಿತ್ತು.

ನಿನ್ನ ಪ್ರಶ್ನೆಗೆ ಉತ್ತರ. ಕಿಟಕಿಗಾಗಿ.

ರೈಲೋ ಬಸ್ಸೋ, ನಾವು ಮೂವರು ಮಕ್ಕಳು ಏರಿದೊಡನೆ ಕಿಟಕಿ ಪಕ್ಕದ ಸೀಟಿಗೆ ಹೊಡೆದಾಟ. ನಿನ್ನ ದೊಡ್ಡ ಮಾವನ ಮೊಣಕೈಗೆ ಒಂದು ಸಲ ಕಚ್ಚಿದ್ದೇನೆ, ಗುರುತು ಇನ್ನೂ ಇದೆ, ಬೇಕಾದರೆ ನೋಡು. ಮದುವೆಯಾದ ಮೇಲೆ ಕಿಟಕಿ ನಿನ್ನ ಅಪ್ಪನದಾಯಿತು, ಅವರಿಗೆ ಬಸ್ಸಿನಲ್ಲಿ ತಲೆ ಸುತ್ತುತ್ತಿತ್ತು. ಅವರು ಹೋದ ಮೇಲೆ ನಿನ್ನದಾಯಿತು. ಶಾಲೆಯ ಪ್ರವಾಸದಲ್ಲಿ ಮಕ್ಕಳದು. ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ ಮಗಳೇ. ಬೇಕು ಎನ್ನುವುದೇ ನೆನಪಿನಿಂದ ಜಾರಿಹೋಗಿತ್ತು. ನೀನು ಕೇಳಿದ ಮೇಲೆ ನೆನಪಾಯಿತು, ಮತ್ತೆ ಬೇಕು ಅನ್ನಿಸಿತು. ಇದೇನು ಹುಚ್ಚೋ ಕಾಣೆ.

ನಿನ್ನ ಅಮ್ಮ

*

ಸೆಪ್ಟೆಂಬರ್ 16

ಅಮ್ಮಾ,

ನಿನ್ನ ಕಾಗದವನ್ನು ಆಫೀಸಿನಲ್ಲಿ ಜೋರಾಗಿ ಓದಿದೆ. ಮುಂಚೆಯೇ ಹೇಳಿಬಿಡುತ್ತೇನೆ, ಆಮೇಲೆ ಗೊತ್ತಾಗಿ ಬೈಯಬೇಡ. ಕಚ್ಚಿದ್ದು ಬಂದಾಗ ಕನ್ನಡಕ ಎದ್ದು ನಿಂತು ನಕ್ಕರು. ಕಿಟಕಿ ಅಪ್ಪನದಾಯಿತು ಎನ್ನುವಲ್ಲಿಗೆ ಬಂದಾಗ ಯಾರೂ ನಗಲಿಲ್ಲ. ಮೇಡಂ ಮುಖ ತಿರುಗಿಸಿಕೊಂಡು, ಬಾಡಿಲ್ಲದ ಗಿಡಕ್ಕೆ ನೀರು ಹಾಕಿದರು.

ಆ ದಿನವೇ ಹೊಸ ಪರದೆ ಬರೆದೆ. ‘ಏನು ಇಷ್ಟ’ ಎನ್ನುವ ಜಾಗ ಖಾಲಿ ಬಿಟ್ಟರೆ ಆಪ್ ಏನನ್ನೂ ತೋರಿಸುವುದಿಲ್ಲ. ‘ಇವರನ್ನೇ ಕೇಳಿ ನೋಡಿ’ ಎನ್ನುತ್ತದೆ, ಕೇಳಲು ಒಂದೇ ಒಂದು ಪ್ರಶ್ನೆ ಕೊಡುತ್ತದೆ. ಯಾವುದಕ್ಕಾಗಿ ಜಗಳ ಆಡುತ್ತಿದ್ದಿರಿ? ಯಾವುದನ್ನು ಕಳೆದುಕೊಂಡು ಅತ್ತಿರಿ? ಯಾರದನ್ನು ನೋಡಿ ಹೊಟ್ಟೆ ಉರಿಯಿತು? ಇಂಥವು. ಬರೆದು ಮುಗಿಸಿ ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆ. ಹಿಂದೆ ಯಾವ ಕೆಲಸದಲ್ಲೂ ನಾನು ಹೀಗೆ ದೂರ ನಿಂತು ನೋಡಿದವಳಲ್ಲ. ಒಳ್ಳೆಯದಾಗಿದೆ ಅಮ್ಮಾ. ನಾನೇ ಹೇಳಿಕೊಳ್ಳಬಾರದು, ಆದರೆ ಒಳ್ಳೆಯದಾಗಿರುವುದನ್ನು ಸುಮಾರಾಗಿದೆ ಎನ್ನುವುದೂ ಸುಳ್ಳೇ ತಾನೇ?

ಆದರೆ ಒಂದು ತೊಡಕು ಬಂದಿದೆ. ಊರೂರಲ್ಲಿ ಅಂಗಡಿ ಇರುವ ಒಂದು ಕಂಪನಿಯವರು ದುಡ್ಡು ಹಾಕಿ ನಮ್ಮ ಆಪಿಗೆ ಬೆನ್ನಾಗಿ ನಿಲ್ಲುತ್ತಾರಂತೆ. ಷರತ್ತು ಒಂದೇ. ಆ ಜಾಗ ಖಾಲಿ ಇದ್ದರೆ ಅವರ ಅಂಗಡಿಯ ವಸ್ತುಗಳನ್ನು ಸಾಲಾಗಿ ತೋರಿಸಬೇಕು. ‘ಅಮ್ಮಂದಿರಿಗೆ ಇಷ್ಟವಾಗುವಂಥವು’ ಎಂಬ ತಲೆಬರಹವನ್ನೂ ಅವರೇ ಕಳಿಸಿದ್ದಾರೆ. ಅದರಲ್ಲಿ ಮೊದಲನೆಯದು ಶಾಲು.

“ಇದು ಸುಳ್ಳು ಮೇಡಂ, ನಾನು ಬರಿಯಲ್ಲ” ಎಂದೆ.

“ಬರೀದೆ ಇದ್ರೆ ಆಫೀಸ್ ಬಾಗಿಲು ಹಾಕ್ಬೇಕಾಗತ್ತೆ ಕಣೇ. ನಿನ್ ಕೆಲಸಾನೂ ಹೋಗತ್ತೆ.”

“ಹೋಗ್ಲಿ. ಗೊತ್ತಿಲ್ಲದ್ದನ್ನ ಗೊತ್ತಿದೆ ಅಂತ ಹೇಳೋ ಆಪು, ಗಡಿಯಾರ ನೋಡ್ಕೊಂಡು ತಗೊಂಡ ನಿಮ್ ಹೂದಾನಿ ಥರಾನೇ.”

ಆ ಮಾತು ಆಡಬಾರದಿತ್ತೇನೋ. ಅವರು ಎದ್ದು ಒಳಕೋಣೆಗೆ ಹೋದರು. ಡಿಸೆಂಬರಿಗೆ ನಾನು ಪೆಟ್ಟಿಗೆ ಕಟ್ಟಿಕೊಂಡು ನಿನ್ನ ಮುಂದೆ ಬಂದು ನಿಂತರೂ ನಿಲ್ಲಬಹುದು. ಗಣಿತದ ಪುಸ್ತಕದ ಧೂಳು ಕೊಡವಿಡು.

ಬುಗುರಿ

*

ಅಕ್ಟೋಬರ್ 3

ಪ್ರೀತಿಯ ಬುಗುರಿ,

ನೀನು ಕಳಿಸಿದ ಪರೀಕ್ಷೆಯ ಆಪನ್ನು ಫೋನಿಗೆ ಹಾಕಿಕೊಂಡು ಎರಡು ವಾರ ಬಳಸಿದೆ. ನೂರಕ್ಕೆ ಐವತ್ತೆಂಟು. ಮೂತಿ ಉಬ್ಬಿಸಬೇಡ, ನನ್ನ ಕೈಯಲ್ಲಿ ಅದು ಒಳ್ಳೆಯ ಅಂಕ.

ಅಕ್ಷರ ಚಿಕ್ಕದಾಯಿತು. ನಿನ್ನ ಓರಗೆಯವರಿಗೆ ಮಾತ್ರ ಪ್ರೀತಿಪಾತ್ರರು ಇರುತ್ತಾರೆಯೇ? ಹಿಂದಕ್ಕೆ ಹೋಗುವ ಗುಂಡಿ ಎಲ್ಲಿದೆ ಎಂದು ಹುಡುಕಿ ಸಾಕಾಯಿತು. ಎಲ್ಲಕ್ಕಿಂತ ದೊಡ್ಡ ತಪ್ಪು, ಕೊಟ್ಟ ದಿನ ಕಳೆದೊಡನೆ ನಿನ್ನ ಪೊಟ್ಟಣ ಬಾಯಿ ಮುಚ್ಚಿಕೊಳ್ಳುತ್ತದೆ. ಅವರಿಗೆ ಅದು ಹಿಡಿಸಿತೋ ಇಲ್ಲವೋ ಎಂದು ವಿಚಾರಿಸುವುದೇ ಇಲ್ಲ. ಉತ್ತರ ಸರಿಯೋ ತಪ್ಪೋ ಎಂದು ತಾಳೆ ನೋಡದೆ ಲೆಕ್ಕ ಮುಗಿಯುತ್ತದೆಯೇನೇ?

ಇನ್ನು ನಿನ್ನ ಮೇಡಂ ವಿಷಯ. ನೀನು ಹಟ ಬಿಡದೆ ಕೆಲಸ ಕಳೆದುಕೊಂಡರೆ ನನಗೇ ಲಾಭ. ಒಪ್ಪಂದದಂತೆ ನೀನು ಬಂದು ಪರೀಕ್ಷೆಗೆ ಕೂರುತ್ತೀಯ, ನಾನು ಹೇಳಿಕೊಂಡು ಬಂದದ್ದೆಲ್ಲ ಕೊನೆಗೂ ನಿಜವಾಗುತ್ತದೆ. ಇದನ್ನು ಬಹಳ ಯೋಚಿಸಿದೆ. ಯೋಚಿಸಿಯೇ ಬರೆಯುತ್ತಿದ್ದೇನೆ. ಶಾಲಿನ ವಿಷಯದಲ್ಲಿ ಸೋಲಬೇಡ.

ಆದರೆ ಹೂದಾನಿಯ ಮಾತಿಗೆ ಮೇಡಂ ಹತ್ತಿರ ಹೋಗಿ ಕ್ಷಮೆ ಕೇಳು. ನಿಜ ಹೇಳುವುದಕ್ಕೂ ಚುಚ್ಚುವುದಕ್ಕೂ ನಡುವೆ ಒಂದಿಷ್ಟು ಜಾಗ ಇರಬೇಕು.

ನಿನ್ನ ಅಮ್ಮ

*

ನವೆಂಬರ್ 21

ಅಮ್ಮಾ,

ಕ್ಷಮೆ ಕೇಳಿದೆ. “ನಿಮ್ಮಮ್ಮ ಕಳಿಸಿದ್ರಾ?” ಎಂದರು. “ಹೂಂ” ಎಂದೆ. “ಅದೂ ನಿಜಾನೇ ಹೇಳ್ಬಿಟ್ಯಲ್ಲೇ” ಎಂದು ಅಂತೂ ನಕ್ಕರು.

ಆಮೇಲೆ ಅವರೇ ತೀರ್ಮಾನಿಸಿದರು, ಅಂಗಡಿಯ ಸಾಲು, ನನ್ನ ಪ್ರಶ್ನೆ ಎರಡನ್ನೂ ಜನರ ಕೈಗೆ ಕೊಟ್ಟು ನೋಡೋಣ ಎಂದು. ಸುಳ್ಳು ಹೇಳುವುದಿಲ್ಲ, ಮೊದಲು ನಾನು ಸೋತೆ ಎಂದೇ ಅಂದುಕೊಂಡೆ. ಅಂಗಡಿಯ ಸಾಲು ಕಂಡವರು ಟಪ್ಪನೆ ಒಂದನ್ನು ಒತ್ತಿ ಮುಗಿಸಿದರು. ನನ್ನ ಪ್ರಶ್ನೆ ಕಂಡವರಲ್ಲಿ ಬಹಳ ಜನ ಫೋನು ಕೆಳಗಿಟ್ಟರು. ಕಂಪನಿಯವರು, “ನೋಡಿದ್ರಾ?” ಎಂದು ಕಾಲು ಮೇಲೆ ಕಾಲು ಹಾಕಿ ಕೂತರು.

ಅದಾಗಿ ಕೆಲವು ದಿನಕ್ಕೆ ಫೋನು ಕೆಳಗಿಟ್ಟವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರತೊಡಗಿದರು. ಎಲ್ಲರೂ ಅಲ್ಲ, ಕೆಲವರು. ಕ್ಷೌರದಂಗಡಿಯವರು ಕತ್ತರಿ ಜೇಬಿನಲ್ಲಿಟ್ಟುಕೊಂಡೇ ಬಂದರು. ಬಹಳ ಕಾಲದಿಂದ ಮಾತು ಬಿಟ್ಟಿದ್ದ ತಮ್ಮನಿಗೆ ಫೋನ್ ಮಾಡಿ, “ಏನ್ ಕಳ್ಕೊಂಡು ಅತ್ತಿದ್ಯೋ?” ಎಂದು ಕೇಳಿದರಂತೆ. “ನೀನು ಮುರಿದ ಗಾಳಿಪಟ, ಇನ್ನೇನು” ಎಂದನಂತೆ ತಮ್ಮ. “ನಾನೇ ಮುರ್ದಿದ್ದು ಅಂತ ನಂಗೆ ನೆನಪೇ ಇಲ್ಲಮ್ಮಾ! ಇವತ್ತು ಅಂಗಡಿ ಬೇಗ ಮುಚ್ತೀನಿ, ಬಿದಿರು ಕಡ್ಡಿ ಹುಡುಕ್ಬೇಕು” ಎಂದು ಹೇಳಿ ಓಡಿದರು. ಅವರು ನಮಗೆ ಒಂದು ಕಾಸೂ ಕೊಡಲಿಲ್ಲ, ಯಾವ ಅಂಗಡಿಯಲ್ಲೂ ಏನೂ ಕೊಳ್ಳಲಿಲ್ಲ. ಮೇಡಂ ಮೆಟ್ಟಿಲವರೆಗೆ ಹೋಗಿ ಅವರು ಓಡುವುದನ್ನು ನೋಡುತ್ತಾ ನಿಂತರು.

“ನನ್ ಅಂಗಡಿಲಿ ವಾಪಸ್ ಬಂದ ಸಾಮಾನಿಗೇ ಒಂದು ಕಪಾಟಿತ್ತು. ಅದು ತುಂಬಿ ತುಂಬಿನೇ ಅಂಗಡಿ ಮುಚ್ಚಿದ್ದು. ಇನ್ನೊಂದ್ ಸಲ ಅದೇ ಕಪಾಟು ಕಟ್ಟೋಕೆ ನನ್ ಕೈಲಾಗಲ್ಲ” ಎಂದರು. ಕಂಪನಿಯವರು ಎದ್ದು ಹೋದರು. ನಾವು ಚಿಕ್ಕದಾಗಿ, ನಮ್ಮ ಕೈಲಾದಷ್ಟರಲ್ಲಿ ಶುರು ಮಾಡುತ್ತಿದ್ದೇವೆ. ನನ್ನ ಕೆಲಸ ಖಾಯಂ. “ಸಂಬಳ ಹೆಚ್ಚೋದು ಮಾತ್ರ ಖಾಯಂ ಅಲ್ಲ” ಎಂದು ಕನ್ನಡಕ ಸೇರಿಸಿದರು.

ನೀನು ಹೇಳಿದ ತಾಳೆಯ ಪರದೆಯೂ ಬಂದಿದೆ. ಕೊಟ್ಟ ಮೇಲೆ ‘ಹೇಗಿತ್ತು?’ ಎಂದು ಕೇಳುತ್ತದೆ. ಅಕ್ಷರ ದೊಡ್ಡದಾಗಿದೆ. ಗೋಡೆಯ ಮೇಲೆ ಆ ಹಾಳೆಗೆ ‘ಟೀಚರ್ ಪರದೆ’ ಎಂದೇ ಹೆಸರು.

ಡಿಸೆಂಬರ್ ಹನ್ನೊಂದಕ್ಕೆ ಆಪ್ ಎಲ್ಲರ ಕೈಗೂ ಹೋಗುತ್ತದೆ. ನೀನು ಬರಬೇಕು. ಇದರೊಳಗೆ ರೈಲಿನ ಟಿಕೆಟ್ ಇದೆ, ಹೋಗಲೂ ಬರಲೂ. ಸೀಟು ನೋಡಿಕೊ. ಕಿಟಕಿ ಪಕ್ಕದ್ದು. ಮಗು ಎತ್ತಿಕೊಂಡವರು ಬರಲಿ, ತಲೆ ಸುತ್ತುವವರು ಬರಲಿ, ಬಿಟ್ಟುಕೊಡಬೇಡ. ಬೇಕಾದರೆ ಕಚ್ಚು.

ಬುಗುರಿ

*

ಡಿಸೆಂಬರ್ 17

ಪ್ರೀತಿಯ ಬುಗುರಿ,

ಕಿಟಕಿ ಬಿಟ್ಟುಕೊಡಲಿಲ್ಲ. ಕಚ್ಚುವ ಸಂದರ್ಭ ಬರಲಿಲ್ಲ.

ನಿನ್ನ ಆಫೀಸಿನ ಗೋಡೆ ಇನ್ನೂ ಕಣ್ಣಲ್ಲೇ ಇದೆ. ಅಷ್ಟೊಂದು ಹಾಳೆಗಳು, ಒಂದರ ಮೇಲೊಂದು ತಿದ್ದಿದ ಗುರುತು, ಹೊಡೆದುಹಾಕಿ ಮತ್ತೆ ಬರೆದದ್ದು. ತರಗತಿಯಲ್ಲಿ ನೀನು ಒಂದು ಪುಟವನ್ನು ಎರಡನೇ ಸಲ ಬರೆದವಳಲ್ಲ. ನಿನ್ನ ಕನ್ನಡಕ, “ಟೀಚರ್, ನಿಮ್ ಮಗಳು ಸುಮ್ಮನೆ ಕೂರಲ್ಲ, ನಮ್ಮನ್ನೂ ಕೂರಿಸಲ್ಲ” ಎಂದು ದೂರು ಹೇಳಿದರು. ಮೇಷ್ಟ್ರುಗಳು ನನಗೆ ಹೇಳುತ್ತಿದ್ದದ್ದೂ ಇದೇ ದೂರು. ಅದೇ ಮಾತನ್ನು ಒಬ್ಬರು ಇಷ್ಟು ಸಂತೋಷದಿಂದ ಹೇಳಿದ್ದನ್ನು ಮೊದಲ ಸಲ ಕೇಳಿದೆ.

ಬರುವಾಗ ರೈಲಿನಲ್ಲಿ ಎದುರು ಕೂತ ಹೆಂಗಸು, “ಮಗಳು ಏನ್ ಓದ್ಕೊಂಡಿದಾಳೆ?” ಎಂದು ಕೇಳಿದರು. ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದೆ, “ಓದು ಅರ್ಧಕ್ಕೇ ಬಿಟ್ಲು. ಈಗ ಆಪ್ ಮಾಡ್ತಾಳೆ. ತುಂಬಾ ಚೆನ್ನಾಗ್ ಮಾಡ್ತಾಳೆ.” ಅವರು ‘ಓಹೋ’ ಎಂದು ಕಿತ್ತಳೆ ಸುಲಿಯತೊಡಗಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಅಪರಿಚಿತರ ಮುಂದೆ ಅಭ್ಯಾಸ ಮಾಡಿಕೊಂಡೆ ಎಂದಿಟ್ಟುಕೊ.

ಮನೆಗೆ ಬಂದು ಪೊಟ್ಟಣದಲ್ಲಿ ನಿನ್ನ ಪುಟ ತೆರೆದೆ. ನಿನಗೆ ನಾನು ಈವರೆಗೆ ಕೊಟ್ಟದ್ದು ಕಂಪಾಸ್ ಪೆಟ್ಟಿಗೆ, ನಿಘಂಟು, ಮೇಜಿನ ದೀಪ. ಎಲ್ಲವೂ ನೀನು ಆಗಬೇಕೆಂದು ನಾನು ಬಯಸಿದ ಮಗಳಿಗೆ ಕೊಟ್ಟದ್ದು. ‘ಇವರಿಗೆ ಏನು ಇಷ್ಟ?’ ಎನ್ನುವಲ್ಲಿ ನನ್ನ ಹೆಬ್ಬೆರಳು ಈ ಸಲ ನಿಲ್ಲಲಿಲ್ಲ. ‘ನಿಜ’ ಎಂದು ಬರೆದೆ.

ಅದಕ್ಕೆ ಸುತ್ತಲು ಯಾವ ಕಾಗದವೂ ಇಲ್ಲವಲ್ಲ. ಹಾಗಾಗಿ ಸೋಮವಾರ ಟೀ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಎದ್ದು ನಿಂತೆ. ಫೋನಿನಲ್ಲಿ ಆಪ್ ತೆರೆದು ಎಲ್ಲರಿಗೂ ತೋರಿಸಿದೆ. “ಇದನ್ನ ನನ್ ಮಗಳು ಮಾಡಿದ್ದು. ಅವಳು ಹೊರಗಡೆ ಓದ್ತಿದಾಳೆ ಅಂತ ಹೇಳ್ತಿದ್ನಲ್ಲ, ಸುಳ್ಳು. ಅವಳು ನಿಮ್ಗೆ ಹೇಳಿದ್ದೇ ನಿಜ” ಎಂದೆ. ಆಮೇಲೆ ಡ್ರಾಯಿಂಗ್ ಮೇಷ್ಟ್ರು ಕೈ ಚಾಚಿ, “ಕೊಡಿ ಇಲ್ಲಿ, ಈ ಪರದೆಗಳ್ನ ಬರೆದಿದ್ದು ಅವಳೇನಾ? ಗೆರೆ ಚೆನ್ನಾಗಿದೆ” ಎಂದರು. ನನ್ನ ಬೆನ್ನು ಎಷ್ಟು ನೆಟ್ಟಗಾಯಿತೆಂದರೆ, ಮುಂದಿನ ಪಾಠಕ್ಕೆ ಹೋದಾಗ ಬೋರ್ಡಿನ ಮೇಲಂಚು ಕೈಗೆ ಸಿಕ್ಕಿತು.

ಪರೀಕ್ಷೆಯ ಮಾತನ್ನು ಇನ್ನು ನಾನಾಗಿ ಎತ್ತುವುದಿಲ್ಲ. ಎಂದಾದರೂ ನೀನಾಗಿ ಎತ್ತಿದರೆ ಗಣಿತ ನನ್ನ ಜವಾಬ್ದಾರಿ.

ಕೊಟ್ಟಾಯಿತು. ಈಗ ನಿನ್ನ ಪೊಟ್ಟಣ ನನ್ನನ್ನು ‘ಹೇಗಿತ್ತು?’ ಎಂದು ಕೇಳುತ್ತಿದೆ. ಉತ್ತರ ನೀನೇ ಹೇಳಬೇಕು.

ನಿನ್ನ ಅಮ್ಮ

*

ಡಿಸೆಂಬರ್ 22

ಅಮ್ಮಾ,

ತಲುಪಿತು. ಅಳತೆ ಸರಿಯಾಗಿದೆ. ವಾಪಸ್ ಮಾಡುವುದಿಲ್ಲ.

ನಿನ್ನ ಬುಗುರಿ